ಕನ್ನಡಿಯಿಲ್ಲದ ಕ್ಯಾಮೆರಾ

ಮನೆಗೊಂದು ಒಳ್ಳೆಯ ಕ್ಯಾಮೆರಾ ಬಂದರೆ ಸಾಕು, ಆ ಮನೆಯವನು ನೆಂಟರಿಷ್ಟರ ಪಾಲಿಗೆ ಪಂಡಿತನಾಗಿಬಿಡುತ್ತಾನೆ. “ನಾವೂ ಒಂದು ಕೊಳ್ಳಬೇಕೆಂದಿದ್ದೇವೆ, ಯಾವುದಾದೀತು?” ಎಂದು ಕೇಳುವವರು ತಪ್ಪುವುದಿಲ್ಲ. ನನಗೂ ಈ ಪದವಿ ಬಂದಿದೆ. ನಿಜವಾಗಿ ನಾನು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು. 2019ರಲ್ಲಿ ನಿಕಾನ್ ಝಡ್ 6 ಎಂಬ ಕ್ಯಾಮೆರಾ ಕೊಂಡು, ತಪ್ಪು ಮಾಡುತ್ತ ಅದರ ಗುಣದೋಷಗಳನ್ನು ಅರಿತವನು. ಆ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಈ ಕನ್ನಡಿಯ ವಿಚಾರ. ಹಿಂದಿನ ಎಸ್.ಎಲ್.ಆರ್. ಕ್ಯಾಮೆರಾದ ಹೊಟ್ಟೆಯೊಳಗೆ ಓರೆಯಾಗಿ ನಿಂತ ಒಂದು ಪುಟ್ಟ ಕನ್ನಡಿ ಇರುತ್ತಿತ್ತು. ಲೆನ್ಸಿನಿಂದ ಒಳಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತಲುಪಿಸುತ್ತಿತ್ತು. ಗುಂಡಿ ಒತ್ತಿದೊಡನೆ ಕನ್ನಡಿ ಮೇಲಕ್ಕೆದ್ದು ದಾರಿ ಬಿಡುತ್ತಿತ್ತು. ಬೆಳಕು ಹಿಂದಿದ್ದ ಫಿಲ್ಮಿನ ಮೇಲೆ ಬೀಳುತ್ತಿತ್ತು. ಈಗ ಫಿಲ್ಮಿನ ಜಾಗದಲ್ಲಿ ಸೆನ್ಸರ್ ಕುಳಿತಿದೆ. ತಾನು ಕಂಡದ್ದನ್ನು ಅದೇ ನೇರವಾಗಿ ಒಂದು ಸಣ್ಣ ಪರದೆಗೆ ಕಳುಹಿಸಬಲ್ಲುದಾದರೆ ನಡುವೆ ಕನ್ನಡಿಯೇಕೆ? ಈ ಪ್ರಶ್ನೆಗೆ ಉತ್ತರವಾಗಿ 2008ರಲ್ಲಿ ಪ್ಯಾನಸೋನಿಕ್ ಸಂಸ್ಥೆ ಲ್ಯೂಮಿಕ್ಸ್ ಜಿ 1 ಎಂಬುದನ್ನು ಹೊರತಂದಿತು. ಹಳೆಯ ಫಿಲ್ಮಿನಷ್ಟೇ ಅಳತೆಯ, ಅಂದರೆ 36 ಮಿಲಿಮೀಟರ್ ಅಗಲ 24 ಮಿಲಿಮೀಟರ್ ಎತ್ತರದ ಸೆನ್ಸರ್ ಇಟ್ಟು ಸೋನಿಯವರು 2013ರಲ್ಲಿ ಇಂಥ ಕ್ಯಾಮೆರಾ ಮಾಡಿದರು. ನಿಕಾನ್ ಮತ್ತು ಕ್ಯಾನನ್ ಸಂಸ್ಥೆಗಳು ಅದೇ ಅಳತೆಗೆ ಬಂದದ್ದು 2018ರಲ್ಲಿ.

ಆ ವರ್ಷ ನಿಕಾನ್ ಎರಡು ಕ್ಯಾಮೆರಾಗಳನ್ನು ಜೊತೆಯಾಗಿ ತಂದಿತು. ದೊಡ್ಡದು ಝಡ್ 7. ಅದರ ಚಿತ್ರದಲ್ಲಿ 4 ಕೋಟಿ 57 ಲಕ್ಷ ಬಿಂದುಗಳು. ನಡುವಣದು ಝಡ್ 6. ಅದರಲ್ಲಿ 2 ಕೋಟಿ 45 ಲಕ್ಷ. “ಕಡಿಮೆಯಾಯಿತಲ್ಲ!” ಎಂದು ಮರುಗಬೇಕಾಗಿಲ್ಲ. ಲೆಕ್ಕ ಹಾಕಿ ನೋಡಿ: ಝಡ್ 6ರ ಚಿತ್ರ ಅಡ್ಡಕ್ಕೆ 6048, ಉದ್ದಕ್ಕೆ 4024 ಬಿಂದು. ಇಂಚಿಗೆ 300ರಂತೆ ಅಚ್ಚು ಹಾಕಿದರೆ 20 ಇಂಚು ಅಗಲ, 13 ಇಂಚು ಎತ್ತರದ ಪಟ. ನಮ್ಮ ನಿಮ್ಮ ಮನೆಯ ಗೋಡೆಗೆ ಇದಕ್ಕಿಂತ ದೊಡ್ಡದು ಬೇಕೆ? ಇದಾದ ಮೇಲೆ ಈ ಸಾಲಿನಲ್ಲಿ 2020ರಲ್ಲಿ ಒಂದು, 2024ರಲ್ಲಿ ಇನ್ನೊಂದು ಹೊಸದು ಬಂದಿವೆ. ನನ್ನದು ಹಳೆಯದಾಯಿತು ನಿಜ, ಕೆಡಲಿಲ್ಲ. ಬೆಟ್ಟಕ್ಕೂ ಮದುವೆಗೂ ಮೊಮ್ಮಕ್ಕಳ ಆಟಕ್ಕೂ ಇದೊಂದನ್ನೇ ಒಯ್ಯುತ್ತೇನೆ.

ನಾನು ಇದನ್ನು ಆರಿಸಿದ್ದಕ್ಕೆ ಬೇರೆ ಕಾರಣವೂ ಇತ್ತು. ನಮ್ಮ ತಂದೆಯವರ ಬಳಿ ನಿಕಾನ್ ಫಿಲ್ಮ್ ಕ್ಯಾಮೆರಾ ಒಂದಿತ್ತು. ಅದು ಎಂದೋ ಕೆಟ್ಟು ಕೂತಿತ್ತು. ಅದರ 50 ಮಿಲಿಮೀಟರ್ ಲೆನ್ಸು ಮಾತ್ರ ಬೀರುವಿನಲ್ಲಿ ಬಟ್ಟೆ ಸುತ್ತಿಕೊಂಡು ಭದ್ರವಾಗಿತ್ತು. 1959ರಿಂದ ಬಂದ ನಿಕಾನ್ ಪದ್ಧತಿಯಲ್ಲಿ, ಕನ್ನಡಿ ಆಡುವುದಕ್ಕೆ ಜಾಗ ಬೇಕಾದ್ದರಿಂದ, ಲೆನ್ಸು ಕೂರುವ ಉಂಗುರಕ್ಕೂ ಫಿಲ್ಮಿಗೂ ನಡುವೆ 46.5 ಮಿಲಿಮೀಟರ್ ಅಂತರ. ಕನ್ನಡಿ ಹೋದ ಮೇಲೆ ಹೊಸ ಕ್ಯಾಮೆರಾದಲ್ಲಿ ಆ ಅಂತರ 16 ಮಿಲಿಮೀಟರಿಗೆ ಇಳಿಯಿತು. ಉಳಿದ 30.5 ಮಿಲಿಮೀಟರನ್ನು ತುಂಬಲು ಗಾಜಿಲ್ಲದ ಒಂದು ಟೊಳ್ಳು ಅಡಾಪ್ಟರ್ ಸಾಕು. ಹಳೆಯ ಲೆನ್ಸು ಹೊಸ ಕ್ಯಾಮೆರಾಕ್ಕೆ ಕೂಡಿಕೊಳ್ಳುತ್ತದೆ. ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಆದರೆ ಕಣ್ಣಿಟ್ಟು ನೋಡುವ ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡಬಹುದು. ಸ್ಪಷ್ಟವಾಗಿ ಕೂಡಿದ ಅಂಚುಗಳಿಗೆ ಬಣ್ಣ ಬರುವಂತೆಯೂ ಮಾಡಿಕೊಳ್ಳಬಹುದು. ಲೆನ್ಸಿನ ಅಳತೆಯನ್ನು ಒಮ್ಮೆ ತಿಳಿಸಿಬಿಟ್ಟರೆ, ಸೆನ್ಸರ್ ತಾನೇ ಅತ್ತಿತ್ತ ಸರಿದು ನಮ್ಮ ಕೈನಡುಕವನ್ನು ಸರಿದೂಗಿಸುತ್ತದೆ. ನನ್ನ ವಯಸ್ಸಿನವರಿಗೆ ಇದು ದೊಡ್ಡ ಉಪಕಾರ.

ಇನ್ನು ನನ್ನ ಪೆಟ್ಟಿನ ಕಥೆ. 2022ರಲ್ಲಿ ನನ್ನ ತಂಗಿಯ ಮೊಮ್ಮಗಳಿಗೆ ನಾಮಕರಣ. ತಂದೆಯವರಿಗೆ ಆಗ 86 ವರ್ಷ. ಅವರು ತೊಟ್ಟಿಲ ಮೇಲೆ ಬಗ್ಗಿ ಮರಿಮಗಳ ಕಿವಿಯಲ್ಲಿ ಹೆಸರು ಹೇಳುವ ಹೊತ್ತು. ಮಗು ಬೆಚ್ಚೀತೆಂದು ನಾನು ಕ್ಯಾಮೆರಾವನ್ನು ನಿಶ್ಶಬ್ದಕ್ಕೆ ಇಟ್ಟು ನಲವತ್ತು ಚಿತ್ರ ತೆಗೆದೆ. ರಾತ್ರಿ ಕಂಪ್ಯೂಟರಿನಲ್ಲಿ ನೋಡಿದರೆ ಎದೆ ಧಸಕ್ಕೆಂದಿತು: ಒಂದೊಂದು ಚಿತ್ರದ ಮೇಲೂ ಕಿಟಕಿಯ ಸರಳಿನಂತೆ ಅಡ್ಡಡ್ಡ ಕಪ್ಪು ಪಟ್ಟೆಗಳು, ತಂದೆಯವರ ಮುಖದ ಮೇಲೂ!

ಇದೇಕೆ ಹೀಗಾಯಿತು? ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ; ಟ್ಯೂಬ್‌ಲೈಟೂ ಅನೇಕ ಎಲ್.ಇ.ಡಿ. ದೀಪಗಳೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ಕಾಣದು. ನಿಶ್ಶಬ್ದವಾಗಿ ಕೆಲಸ ಮಾಡುವಾಗ ಕ್ಯಾಮೆರಾದ ತೆರೆ ಆಡುವುದಿಲ್ಲ. ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತ ಹೋಗುತ್ತದೆ. ಅಷ್ಟರೊಳಗೆ ದೀಪ ಹಲವು ಸಲ ಮಂಕಾಗಿ ಬೆಳಗಿರುತ್ತದೆ. ಮಂಕಾದಾಗ ಓದಿದ ಸಾಲುಗಳು ಕಪ್ಪು ಪಟ್ಟೆಗಳಾಗುತ್ತವೆ. ಪರಿಹಾರ ಸುಲಭ: ಇಂಥ ದೀಪದ ಕೆಳಗೆ ಸದ್ದು ಮಾಡುವ ಷಟರನ್ನೇ ಬಳಸಿ, ವೇಗವನ್ನು 1/50 ಅಥವಾ 1/100ಕ್ಕೆ ಇಡಬೇಕು. ಈ ಪರಿಹಾರ ನನಗೆ ತಿಳಿದದ್ದು ನಾಮಕರಣ ಮುಗಿದ ಮೇಲೆ.

ಮರುದಿನ ಬೆಳಿಗ್ಗೆ ತಂದೆಯವರು ಜಗಲಿಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದರು. ಓರೆಯಾಗಿ ಬಿಸಿಲು ಬಿದ್ದಿತ್ತು. ಅವರದೇ ಲೆನ್ಸು ಹಾಕಿ, ಈ ಸಲ ಸದ್ದಿನ ಷಟರಿನಲ್ಲೇ ಒತ್ತಿದೆ. ಆ ಸದ್ದಿಗೆ ಅವರು ಥಟ್ಟನೆ ತಿರುಗಿ ನಕ್ಕರು. “ರೀಲಿನಲ್ಲಿ ಇನ್ನೆಷ್ಟು ಉಳಿದಿದೆಯೋ?” ಎಂದು ಕೇಳಿದರು. ಒಂದು ರೀಲಿಗೆ 36 ಚಿತ್ರವೆಂದು ಎಣಿಸಿ ಎಣಿಸಿ ತೆಗೆದವರಲ್ಲವೆ! ಆ ನಗುವನ್ನೂ ಹಿಡಿದೆ. ಮರುವರ್ಷ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಡುಮನೆಯಲ್ಲಿ ಈಗ ಇರುವುದು ಆ ಪಟ. ತೊಟ್ಟಿಲ ಬಳಿಯ ಅವರ ಚಿತ್ರ ನಮ್ಮಲ್ಲಿ ಒಂದೂ ಸರಿಯಾಗಿಲ್ಲ.

ಇದನ್ನು ಹೇಳಿದ್ದು ನಿಮಗೆ ಹಾಗಾಗದಿರಲೆಂದು. ಇನ್ನು ಕೆಲವು ಎಚ್ಚರಿಕೆಗಳು. ಕನ್ನಡಿಯಿಲ್ಲದ ಕ್ಯಾಮೆರಾ ನೋಡುವಾಗಲೆಲ್ಲ ವಿದ್ಯುತ್ತು ತಿನ್ನುತ್ತದೆ. ಕನ್ನಡಿಯವುಗಳಲ್ಲಿ ಒಂದು ಬ್ಯಾಟರಿಗೆ ಸಾವಿರ ಚಿತ್ರ ದಾಟುವವಿದ್ದವು. ನನ್ನದಕ್ಕೆ ತಯಾರಕರೇ ಹೇಳಿದ ಲೆಕ್ಕ ಸುಮಾರು 310. ಆದುದರಿಂದ ಜೇಬಿನಲ್ಲಿ ಇನ್ನೊಂದು ಬ್ಯಾಟರಿ ಇರಲಿ. ಲೆನ್ಸು ಬಿಚ್ಚಿದರೆ ಸೆನ್ಸರ್ ಬಯಲಾಗುತ್ತದೆ. ಗಾಳಿಗೆ ಮರೆಯಾಗಿ ನಿಂತು, ಬಾಯಿ ಕೆಳಗೆ ಮಾಡಿ ಬದಲಿಸಿ. ಧೂಳು ಬಿದ್ದರೆ ರಬ್ಬರ್ ಬುರುಡೆಯಿಂದ ಗಾಳಿ ಹಾಯಿಸಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಲೆನ್ಸನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಇಲ್ಲವಾದರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಝಡ್ 6ರಲ್ಲಿ ಕಾರ್ಡಿಗೆ ಇರುವುದು ಒಂದೇ ಕಿಂಡಿ. ಚಿತ್ರಗಳನ್ನು ಅಂದೇ ಸಂಜೆ ಎರಡು ಕಡೆ ಇಳಿಸಿಕೊಳ್ಳಿ.

ಯಾವ ಕ್ಯಾಮೆರಾ ಎಂದು ಕೇಳಿದವರಿಗೆ ನಾನು ಹೇಳುವುದಿಷ್ಟೆ. ನಡುವಣ ಬೆಲೆಯದೊಂದು ಸಾಕು. ಹಳೆಯ ಲೆನ್ಸು ಮನೆಯಲ್ಲಿದ್ದರೆ ಅದು ಕೂಡುತ್ತದೆಯೇ ಎಂದು ವಿಚಾರಿಸಿ. ಕೊಂಡ ಮೇಲೆ ಶುಭಕಾರ್ಯಕ್ಕೆ ಕಾಯಬೇಡಿ. ನಿಮ್ಮ ಮನೆಯ ದೀಪಗಳ ಕೆಳಗೆ, ನಿಮ್ಮವರನ್ನೇ ಕೂರಿಸಿಕೊಂಡು, ಇಂದೇ ಹತ್ತು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ತಪ್ಪುಗಳೆಲ್ಲ ಅಲ್ಲೇ ಮುಗಿದುಹೋಗಲಿ.