ಹಲವು ಕೈಗಳ ಒಂದು ನಕ್ಷೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ನಾಲ್ಕು ಮಾತನಾಡಬೇಕಾದ ಕನ್ನಡ ಪಂಡಿತನು ಕಟ್ಟಡದ ನಕ್ಷೆಗಳನ್ನು ಕುರಿತು ಮಾತನಾಡಲು ನಿಂತಿರುವುದು ತಮಗೆ ವಿಚಿತ್ರವಾಗಿ ತೋರಬಹುದು. ಹೊಸೂರಿನ ನಮ್ಮ ಕನ್ನಡ ಮನೆಗಳ ಮಕ್ಕಳಲ್ಲಿ ಕೆಲವರು ಇಂದು ಬೆಂಗಳೂರಿನ ವಿನ್ಯಾಸ ಕಚೇರಿಗಳಲ್ಲಿ ಕುಳಿತು, ತಾವು ಕಂಡೇ ಇಲ್ಲದ ಊರುಗಳ ಕಟ್ಟಡಗಳನ್ನು ಗಣಕಯಂತ್ರದಲ್ಲಿ ರೂಪಿಸುತ್ತಿದ್ದಾರೆ. ಅವರ ಕೆಲಸದ ಬಗೆಯನ್ನು ಕೇಳಿ ತಿಳಿದಾಗ, ಅದು ನಮ್ಮ ಗ್ರಂಥಸಂಪಾದನೆಗೆ ಬಹು ಸಮೀಪದ್ದೆಂದು ನನಗೆ ತೋರಿತು. ಆದುದರಿಂದಲೇ ಈ ಸಾಹಸ.

ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ದೇಶಗಳ ಗಡಿಯಲ್ಲಿ, ರೈನ್ ನದಿಯ ಎರಡು ದಡಗಳಲ್ಲಿಯೂ ಲಾಫೆನ್‌ಬುರ್ಗ್ ಎಂಬ ಒಂದೇ ಹೆಸರಿನ ಊರುಗಳಿವೆ. ಒಂದಾಗಿದ್ದ ಊರು ರಾಜಕಾರಣದಿಂದ ಎರಡಾದುದು. ಗಡಿನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಹೊಸ ಸೇತುವೆಯೊಂದನ್ನು ಕಟ್ಟುತ್ತಿದ್ದಾಗ, 2003ರಲ್ಲಿ, ಎರಡು ಕಡೆಯ ಮಟ್ಟಗಳಿಗೆ 54 ಸೆಂಟಿಮೀಟರ್ ಅಂತರವಿರುವುದು ಬೆಳಕಿಗೆ ಬಂದಿತು. ಜರ್ಮನರು ಎತ್ತರವನ್ನು ಉತ್ತರ ಸಮುದ್ರದ ಮಟ್ಟದಿಂದ ಎಣಿಸುತ್ತಾರೆ. ಸ್ವಿಸ್ ಜನರು ಮೆಡಿಟರೇನಿಯನ್ ಸಮುದ್ರದ ಮಟ್ಟದಿಂದ ಎಣಿಸುತ್ತಾರೆ. ಇವೆರಡಕ್ಕೂ 27 ಸೆಂಟಿಮೀಟರ್ ವ್ಯತ್ಯಾಸವುಂಟೆಂಬುದು ಮೊದಲೇ ತಿಳಿದಿತ್ತು. ಅದನ್ನು ಸರಿದೂಗಿಸ ಹೊರಟಾಗ ಕೂಡುವ ಕಳೆಯುವ ಚಿಹ್ನೆ ತಿರುಗುಮುರುಗಾಗಿ, ವ್ಯತ್ಯಾಸವು ಅಳಿಯುವ ಬದಲು ಇಮ್ಮಡಿಯಾಯಿತು. ಲೆಕ್ಕ ಬಲ್ಲವರಿಗೆ ಅಲ್ಲಿ ಕೊರತೆಯಿರಲಿಲ್ಲ. ಎಲ್ಲಿಂದ ಎಣಿಸಬೇಕೆಂಬ ಒಪ್ಪಂದವು ನಕ್ಷೆಯೊಳಕ್ಕೆ ಸರಿಯಾಗಿ ಇಳಿಯಲಿಲ್ಲ, ಅಷ್ಟೆ.

ಹಲವರು ಕೂಡಿ ಒಂದು ಕಟ್ಟಡವನ್ನು ರೂಪಿಸುವಲ್ಲಿ ಮೊದಲ ಪ್ರಶ್ನೆ ಇದೇ. ನಮ್ಮ ಹುಡುಗರು ಬಳಸುವ ಉಪಕರಣಗಳಲ್ಲಿ ಪ್ರಮುಖವಾದುದು ರೆವಿಟ್ ಎಂಬ ತಂತ್ರಾಂಶ. 2000ದಲ್ಲಿ ಹೊರಬಂದ ಇದನ್ನು 2002ರಲ್ಲಿ ಆಟೊಡೆಸ್ಕ್ ಸಂಸ್ಥೆ ಕೊಂಡುಕೊಂಡಿತು. ಇದರಲ್ಲಿ ಗೆರೆಗಳನ್ನು ಎಳೆಯುವುದಿಲ್ಲ. ಗೋಡೆ, ಕಂಬ, ತೊಲೆ, ಬಾಗಿಲುಗಳನ್ನೇ ನಿಲ್ಲಿಸಿ ಇಡೀ ಕಟ್ಟಡದ ಮಾದರಿಯೊಂದನ್ನು ಮಾಡುತ್ತಾರೆ. ಮೂಲ ಮಾದರಿ ಒಂದು ಕಡೆಯಿರುತ್ತದೆ. ಪ್ರತಿಯೊಬ್ಬನೂ ಅದರ ಪ್ರತಿಯನ್ನು ತನ್ನ ಯಂತ್ರದಲ್ಲಿಟ್ಟುಕೊಂಡು ತಿದ್ದಿ, ಆಗಾಗ ಮೂಲದೊಡನೆ ಹೊಂದಿಸುತ್ತಾನೆ. ಒಬ್ಬನು ಒಂದು ಗೋಡೆಯನ್ನು ಕೈಗೆತ್ತಿಕೊಂಡಿರುವಾಗ ಮತ್ತೊಬ್ಬನು ಅದನ್ನು ಮುಟ್ಟುವಂತಿಲ್ಲ. ಬೇಕಾದರೆ ಕೇಳಿ ಪಡೆಯಬೇಕು. ಹಿಂದೆ ಈ ಮೂಲವು ಕಚೇರಿಯೊಳಗಿನ ಯಂತ್ರದಲ್ಲಿರುತ್ತಿತ್ತು. 2014ರ ಈಚೆಗೆ ಅದನ್ನು ‘ಮೇಘ’ದಲ್ಲಿಡುವ ಸೌಕರ್ಯವೂ ಬಂದಿದೆ. ಮೇಘವೆಂಬ ಹೆಸರು ಕವಿಗಳಿಗೆ ಪ್ರಿಯವಾದೀತು. ವಸ್ತುತಃ ಅದು ಎಲ್ಲಿಯೋ ಒಂದು ಭವನದಲ್ಲಿ, ನೆಲದ ಮೇಲೆಯೇ, ಹಗಲಿರುಳು ಓಡುವ ಯಂತ್ರಗಳ ಸಾಲು.

ಹಳೆಯ ಓಲೆಗರಿಗಳ ಕಾಲದಲ್ಲಿ ಆದುದೇನು? ಲಿಪಿಕಾರನೊಬ್ಬನು ಪ್ರತಿಮಾಡಿದನು, ಆ ಪ್ರತಿಯಿಂದ ಮತ್ತೊಬ್ಬನು ಮಾಡಿದನು. ಮೂಲವು ಕಳೆದುಹೋಗಿ ಪಾಠಾಂತರಗಳು ಉಳಿದುವು. ಅವನ್ನು ಹೋಲಿಸಿ ನೋಡುವ ಸಂಪಾದಕನಿಗೆ ಮುಂದೆ ಕಾಲಾವಕಾಶವಿತ್ತು. ಕಟ್ಟಡದಲ್ಲಿ ಆ ಅವಕಾಶವಿಲ್ಲ; ಹಳೆಯ ಪಾಠವನ್ನು ನಂಬಿ ಕಂಬಿ ಕಟ್ಟಿ ಕಾಂಕ್ರೀಟು ಸುರಿದ ಮೇಲೆ ಪಾಠಾಂತರವನ್ನು ಒಡೆದೇ ತೆಗೆಯಬೇಕು. ನಕ್ಷೆಗಳಿಗೆ ‘ಕೊನೆಯದು’, ‘ನಿಜವಾಗಿ ಕೊನೆಯದು’, ‘ಕೊನೆಯದು ಎರಡು’ ಎಂದು ಹೆಸರಿಡುವ ಕಚೇರಿಗಳು ಇಂದಿಗೂ ಉಂಟೆಂದು ಕೇಳಿ ನನಗೆ ನಗುವೂ ಭಯವೂ ಒಟ್ಟಿಗೇ ಬಂದುವು.

ಇದಕ್ಕೆ ಲೋಕದಲ್ಲಿ ಒಂದು ಕಟ್ಟುಪಾಡು ಏರ್ಪಟ್ಟಿದೆ. ಬ್ರಿಟಿಷ್ ಮಾನಕಗಳಿಂದ ಬೆಳೆದು 2018ರಲ್ಲಿ ಐಎಸ್‌ಒ 19650 ಎಂಬ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಕ್ರಮವಿದು. ಒಂದು ಯೋಜನೆಯ ಸಮಸ್ತ ಮಾಹಿತಿಯೂ ನಾಲ್ಕು ಅವಸ್ಥೆಗಳಲ್ಲಿ ಒಂದರಲ್ಲಿರಬೇಕು: ಇನ್ನೂ ಕೆಲಸದಲ್ಲಿರುವುದು, ಹಂಚಿಕೊಂಡದ್ದು, ಪ್ರಕಟಿಸಿದ್ದು, ಭಂಡಾರಕ್ಕೆ ಸೇರಿದ್ದು. ವಾಸ್ತುಶಿಲ್ಪಿಯು ಬೆಳಿಗ್ಗೆ ಸರಿಸಿ ಮಧ್ಯಾಹ್ನ ಮತ್ತೆ ಸ್ವಸ್ಥಾನದಲ್ಲಿಡುವ ಗೋಡೆಯನ್ನು ನಂಬಿ ರಚನಾ ಎಂಜಿನಿಯರು ತೊಲೆಯ ಲೆಕ್ಕ ಹಾಕಬಾರದು. ಅವನು ನೋಡಬೇಕಾದುದು, ವಾಸ್ತುಶಿಲ್ಪಿಯು ಪರಿಶೀಲಿಸಿ ಹೊರಗಿಟ್ಟ ಪಾಠವನ್ನು ಮಾತ್ರ. ಮೇಘದಲ್ಲಿ ಎಲ್ಲರೂ ಎಲ್ಲರ ಕೆಲಸವನ್ನೂ ಕ್ಷಣಕ್ಷಣಕ್ಕೆ ಕಾಣಬಹುದೆಂಬುದನ್ನೇ ದೊಡ್ಡ ಲಾಭವೆಂದು ಹೊಗಳುವುದುಂಟು. ನನ್ನ ಮತ ಬೇರೆ. ವಾರಕ್ಕೊಮ್ಮೆ ಗೊತ್ತಾದ ದಿನ ಒಪ್ಪವಾದುದನ್ನು ಹಂಚುವ ತಂಡದ ಕೆಲಸವೇ ಹೆಚ್ಚು ನೆಮ್ಮದಿಯದು. ಕರಡು ಪ್ರತಿಯನ್ನು ನೆರೆಯವನು ಇಣಿಕಿ ಓದುವುದರಿಂದ ಯಾರ ಬರೆಹವೂ ಉತ್ತಮವಾದುದಿಲ್ಲ.

ಆದುದರಿಂದ ಪ್ರತಿಯೊಂದು ತಂಡಕ್ಕೂ ಅದರದೇ ಕೋಶವಿರಬೇಕು. ಅಲ್ಲಿ ಬರೆಯುವ ಅಧಿಕಾರ ಆ ತಂಡಕ್ಕೆ ಮಾತ್ರ, ಉಳಿದವರಿಗೆ ಹಂಚಿದ್ದನ್ನು ಓದುವ ಅಧಿಕಾರ. ಸೌಜನ್ಯದ ಹೆಸರಿನಲ್ಲಿ ಎಲ್ಲರಿಗೂ ಎಲ್ಲ ಅಧಿಕಾರವನ್ನು ಕೊಟ್ಟರೆ, ಅಳಿಸಿದವರು ಯಾರೆಂದು ಹುಡುಕುವುದೇ ಕೆಲಸವಾಗುತ್ತದೆ. ಎಲ್ಲರೂ ತಂತ್ರಾಂಶದ ಒಂದೇ ವರ್ಷದ ಆವೃತ್ತಿಯಲ್ಲಿರಬೇಕು; ಮೇಲಿನ ಆವೃತ್ತಿಗೆ ಏರಿಸಿದ ಮಾದರಿಯನ್ನು ಕೆಳಗಿಳಿಸಲಾಗದು. ಲಾಫೆನ್‌ಬುರ್ಗಿನ ಪ್ರಶ್ನೆಗೂ ಇಲ್ಲಿ ಉತ್ತರವುಂಟು: ಸಮೀಕ್ಷೆಯ ಮೂಲಬಿಂದುವನ್ನೂ ಎತ್ತರದ ಆಧಾರವನ್ನೂ ಮೊದಲ ದಿನವೇ ಗೊತ್ತುಮಾಡಿ, ಎಲ್ಲ ತಂಡಗಳ ಮಾದರಿಗಳೂ ಅಲ್ಲಿಂದಲೇ ನಿರ್ದೇಶಾಂಕಗಳನ್ನು ಪಡೆಯುವಂತೆ ಮಾಡುವುದು.

ಇನ್ನು ಹೆಸರಿನ ಮಾತು. ಇದು ನನ್ನ ಕಸುಬಿಗೆ ಸೇರಿದುದು. ಕಡತದ ಹೆಸರಿನಲ್ಲಿ ಯೋಜನೆ, ಕರ್ತೃ, ಕಟ್ಟಡದ ಭಾಗ, ಅಂತಸ್ತು, ಬಗೆ, ಶಾಖೆ, ಸಂಖ್ಯೆ ಇವು ಗೊತ್ತಾದ ಕ್ರಮದಲ್ಲಿ ಬರುತ್ತವೆ. ಬ್ರಿಟನ್ನಿನ ರೂಢಿಯಲ್ಲಿ ‘ಪಿ’ ಎಂಬ ಅಕ್ಷರವುಳ್ಳ ಪರಿಷ್ಕರಣ ಪ್ರಾಥಮಿಕ, ‘ಸಿ’ ಉಳ್ಳದ್ದು ಕರಾರಿಗೆ ಸೇರಿದ್ದು. ಈ ಸಂಕೇತಗಳನ್ನು ಕನ್ನಡಕ್ಕೆ ತರಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಹಲವು ದೇಶಗಳವರು ಓದಬೇಕಾದ ಸಂಕೇತವದು, ಇದ್ದಂತೆಯೇ ಇರಲಿ. ಆದರೆ ಬೆಂಗಳೂರಿನಲ್ಲಿ ಏಳುವ ಕಟ್ಟಡದ ಅಂಗಳದಲ್ಲಿ, ರಾಯಚೂರು ಕಲಬುರಗಿ ಕಡೆಯಿಂದ ಬಂದು ಗಾರೆಕೆಲಸ ಮಾಡುವವನ ಕೈಗೆ ಕೊನೆಗೆ ಸಿಕ್ಕುವುದು ಮುದ್ರಿತವಾದ ಒಂದು ಹಾಳೆ. ‘ಸಿ’ಗೂ ‘ಪಿ’ಗೂ ಇರುವ ಭೇದವನ್ನು ಅವನಿಗೆ ಯಾರು ಹೇಳಿದ್ದಾರೆ? ನಮ್ಮ ಹುಡುಗರಿಗೆ ಮೂರು ಮಾತುಗಳನ್ನು ಬರೆದುಕೊಟ್ಟಿದ್ದೇನೆ: ‘ಕಟ್ಟಲು ಒಪ್ಪಿದ್ದು’, ‘ನೋಡಲು ಮಾತ್ರ’, ‘ರದ್ದಾದದ್ದು’. ಹಾಳೆಯ ಮೂಲೆಯಲ್ಲಿ ಇವುಗಳಲ್ಲಿ ಒಂದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲಿ; ಅದಾಗದಿದ್ದರೆ ರಬ್ಬರಿನ ಮೊಹರು ಮಾಡಿಸಿ ಒತ್ತಲಿ.