ಪೆಟ್ಟಿಗೆಯೊಳಗಿನ ಮಂದ್ರ

ನವಲಗುಂದ ತಾಲೂಕಿನ ತಿರ್ಲಾಪುರದಲ್ಲಿ, ನಮ್ಮ ಹಳೆಯ ಮನೆಯ ಅಡಿಗೆಮನೆಯ ಮೂಲೆಯಲ್ಲಿ, ನೀರು ತುಂಬುವ ಮಣ್ಣಿನ ಹರವಿಯೊಂದಿತ್ತು. ಅದು ಬರಿದಾದಾಗ ನಾವು ಹುಡುಗರು ಅದರ ಬಾಯಿಗೆ ಮುಖವಿಟ್ಟು ‘ಓ’ ಎನ್ನುತ್ತಿದ್ದೆವು. ಎತ್ತರದ ದನಿಗೆ ಹರವಿ ಸುಮ್ಮನಿರುತ್ತಿತ್ತು. ದನಿಯನ್ನು ತಗ್ಗಿಸುತ್ತ ಬಂದರೆ ಒಂದು ಸ್ವರದಲ್ಲಿ ಮಾತ್ರ ತಾನೂ ಹುಂಕರಿಸುತ್ತಿತ್ತು. ಅರ್ಧ ನೀರು ತುಂಬಿದರೆ ಆ ಸ್ವರ ಮೇಲೇರುತ್ತಿತ್ತು. ಧ್ವನಿವರ್ಧಕದ ಪೆಟ್ಟಿಗೆಯನ್ನು ಕುರಿತು ಮಾತನಾಡಲು ಕನ್ನಡದ ಅಧ್ಯಾಪಕನಿಗೇನು ಅಧಿಕಾರ ಎಂದು ಶ್ರೋತೃಗಳು ಕೇಳಿದರೆ, ಆ ಹರವಿಯೇ ನನ್ನ ಅಧಿಕಾರ.

ಇನ್ನೊಂದು ಕಾರಣವೂ ಉಂಟು. ನಮ್ಮ ತಂದೆಯವರು ಊರ ಭಜನೆಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದರು. 1984ರಲ್ಲಿ ಯಾರೋ ಅದನ್ನು ಕ್ಯಾಸೆಟ್ಟಿಗೆ ತುಂಬಿಕೊಟ್ಟರು. ಅವರು ತೀರಿಕೊಂಡ ಮೇಲೆ ಅದನ್ನು ಹಾಕಿದಾಗಲೆಲ್ಲ ಅವ್ವ ಒಂದೇ ಮಾತು ಹೇಳುತ್ತಿದ್ದಳು: “ದನಿ ಅವರದ ಹೌದು, ಆದರ ಎದಿ ಇಲ್ಲ.” ಆ ಮಾತು ಶಾಸ್ತ್ರಶುದ್ಧವಾಗಿತ್ತು. ಗಂಡಸಿನ ದನಿಯ ಮೂಲಸ್ವರ ಸೆಕೆಂಡಿಗೆ ನೂರು ಕಂಪನಗಳ ಆಸುಪಾಸಿನದು. ಗಾಯಕರ ತಂಬೂರಿಯ ಖರ್ಜದ ತಂತಿಯಂತೂ 70ರ ಸುಮಾರಿನಲ್ಲಿ ಮಿಡಿಯುತ್ತದೆ. ಟೇಪ್‌ರೆಕಾರ್ಡರಿನ ಅಂಗೈಯಗಲದ ಸ್ಪೀಕರು ಅಷ್ಟು ಕೆಳಗಿಳಿಯಲಾರದು. ಮೇಲಿನ ಉಪಸ್ವರಗಳನ್ನಷ್ಟೇ ಅದು ನುಡಿಸುತ್ತದೆ. ಮೂಲವನ್ನು ನಮ್ಮ ಕಿವಿ ಊಹಿಸಿಕೊಳ್ಳುತ್ತದೆ. ಊಹೆಗೆ ಸ್ವರವುಂಟು, ತೂಕವಿಲ್ಲ.

ಸ್ಪೀಕರಿನ ಹಾಳೆ ಮುಂದಿನ ಗಾಳಿಯನ್ನು ದೂಡುವಾಗಲೇ ಹಿಂದಿನದನ್ನು ಸೆಳೆಯುತ್ತದೆ. ಮಂದ್ರಸ್ವರಗಳಲ್ಲಿ ಇವೆರಡೂ ಅಂಚನ್ನು ಬಳಸಿ ಬಂದು ಒಂದನ್ನೊಂದು ಅಳಿಸಿಬಿಡುತ್ತವೆ. ಪೆಟ್ಟಿಗೆ ಬೇಕಾದುದು ಇದಕ್ಕಾಗಿ. ಆದರೆ ಪೂರ್ತಿ ಮುಚ್ಚಿದರೆ ಹಿಂಬದಿಯ ಶ್ರಮವೆಲ್ಲ ವ್ಯರ್ಥ. ಅಮೆರಿಕದ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ತುರಾಸ್ ಪೆಟ್ಟಿಗೆಗೊಂದು ಕೊರಳು ಕೊಟ್ಟ. 1932ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಕೊಳವೆಯಲ್ಲಿರುವ ಗಾಳಿ ತೂಕದ ಗುಂಡಿನಂತೆ, ಪೆಟ್ಟಿಗೆಯಲ್ಲಿರುವ ಗಾಳಿ ಸ್ಪ್ರಿಂಗಿನಂತೆ. ಎರಡೂ ಕೂಡಿ ಒಂದು ಸ್ವರದಲ್ಲಿ ತೂಗುತ್ತವೆ. ಆ ಸ್ವರದಲ್ಲಿ ಹಾಳೆ ಬಹುಮಟ್ಟಿಗೆ ನಿಂತೇ ಇರುತ್ತದೆ, ಹಾಡುವುದು ಕೊರಳು. ನಮ್ಮ ಹರವಿಯ ಗುಟ್ಟೂ ಇದೇ. ಇದರ ಗಣಿತವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿಯೇ ವಿವರಿಸಿದ್ದ.

ನಿವೃತ್ತನಾದ ಮೇಲೆ ಬಡಿಗನೊಬ್ಬನಿಂದ 12 ಲೀಟರಿನ ಪೆಟ್ಟಿಗೆ ಮಾಡಿಸಿದೆ. ನಾಲ್ಕು ಅಂಗುಲದ ಫುಲ್‌ರೇಂಜ್ ಸ್ಪೀಕರು, ಅದರ ಕೆಳಗೆ 5 ಸೆಂಟಿಮೀಟರ್ ಅಗಲದ ತೂತು. ಕೊಳವೆ ಕೂಡಿಸಲಿಲ್ಲ, ಅವಸರ ನನ್ನದೇ. ಟೇಪು ಹಾಕಿದರೆ ತಂದೆಯವರು ಹರವಿಯೊಳಗೆ ಕುಳಿತು ಹಾಡಿದಂತಾಯಿತು! ಲೆಕ್ಕ ಹಾಕಿದೆ. ಬರಿಯ ಹಲಗೆಯ ತೂತಿದ್ದರೆ ಆ ಪೆಟ್ಟಿಗೆ ಸುಮಾರು 90 ಕಂಪನಗಳಲ್ಲಿ ತೂಗುತ್ತದೆ. ಅವರ ದನಿಯ ತಳವೂ ಅಲ್ಲಿಯೇ. ಆ ಒಂದು ಸ್ವರ ಉಬ್ಬಿ ನೆರೆಯ ಸ್ವರಗಳನ್ನು ನುಂಗಿತ್ತು. ನೀರಿನ ಪೈಪು ಮಾರುವ ಅಂಗಡಿಯಿಂದ ಪ್ಲಾಸ್ಟಿಕ್ ಪೈಪು ತಂದು, 10 ಸೆಂಟಿಮೀಟರ್ ಉದ್ದ ಕೊಯ್ದು ತೂತಿಗೆ ಕೂಡಿಸಿದೆ. ಇಳಿಯುವ ಸ್ವರಗಳನ್ನು ನುಡಿಸುತ್ತ ಬಾಯಿಯ ಮುಂದೆ ಊದುಬತ್ತಿ ಹಿಡಿದೆ. 60ರ ಸುಮಾರಿಗೆ ಹಾಳೆ ತಣ್ಣಗಾಯಿತು, ಹೊಗೆ ಚದುರಿತು.

ಇನ್ನೂ ಕೆಳಗೆ ಹೋಗುವ ಆಸೆ ಯಾರಿಗಿಲ್ಲ? 20 ಸೆಂಟಿಮೀಟರಿನ ಕೊಳವೆ ಹಾಕಿದರೆ 45ಕ್ಕೆ ಇಳಿಸಬಹುದು. ಆದರೆ ಆ ಪುಟ್ಟ ಹಾಳೆಗೆ ಅಷ್ಟು ಗಾಳಿಯನ್ನು ಕದಲಿಸುವ ಶಕ್ತಿಯಿಲ್ಲ. ಕೊರಳಿನ ಸ್ವರಕ್ಕಿಂತ ಕೆಳಗಂತೂ ಪೆಟ್ಟಿಗೆಯ ಗಾಳಿ ಹಾಳೆಯನ್ನು ತಡೆದು ಹಿಡಿಯುವುದಿಲ್ಲ. ಮೂಗುದಾರ ಕಡಿದ ಎತ್ತಿನಂತೆ ಅದು ಓಡುತ್ತದೆ. ಜೋರಾಗಿ ಡೊಳ್ಳು ಕೇಳಿಸಹೋದರೆ ಹಾಳೆ ಕೆಟ್ಟೀತು. ಸ್ಪೀಕರಿನ ಗುಣವೇ ಪೆಟ್ಟಿಗೆಯ ಅಳತೆಯನ್ನು ನಿರ್ಣಯಿಸಬೇಕೆಂಬುದನ್ನು ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಲೆಕ್ಕಸಹಿತ ತೋರಿಸಿದರು. ಅಯಸ್ಕಾಂತ ಬಲವಾಗಿದ್ದರೆ ಕೊರಳು ಹೊಂದುತ್ತದೆ. ಅದು ದುರ್ಬಲವಾಗಿದ್ದರೆ ಸ್ವರ ಮುಗಿದರೂ ಹಾಳೆ ತೂಗುತ್ತಲೇ ಇರುತ್ತದೆ. ಕೊರಳು ಆ ದೋಷವನ್ನು ಹೆಚ್ಚಿಸುತ್ತದೆ. ಹಳೆಯ ರೇಡಿಯೋದಿಂದ ಬಿಚ್ಚಿದ ಸ್ಪೀಕರುಳ್ಳವರು ಈ ಗೊಡವೆಗೆ ಹೋಗದಿರುವುದೇ ಲೇಸು.

ಪೆಟ್ಟಿಗೆಯನ್ನು ತಿರ್ಲಾಪುರಕ್ಕೆ ಒಯ್ದು ಪಡಸಾಲೆಯಲ್ಲಿಟ್ಟೆ. ಅವ್ವನಿಗೆ ಈಗ 88. ಕಣ್ಣು ಮುಚ್ಚಿ ಇಡೀ ಪದವನ್ನು ಕೇಳಿದಳು. ಎದೆಯ ಮಾತನ್ನು ಎತ್ತಲೇ ಇಲ್ಲ. “ತಮ್ಮಾ, ಏಕತಾರಿ ಶ್ರುತಿ ಇಳದೈತಿ ನೋಡು,” ಎಂದಳು. “ಅವತ್ತ ಅವರು ಹೊಸಾ ತಂತಿ ಹಾಕಿರಲಿಲ್ಲ.”