ಒಂದು ವರ್ತಕ ಮನೆತನದ ವಂಶಾವಳಿ

ಜರ್ಮನಿಯ ನ್ಯೂರೆಂಬರ್ಗ್ ನಗರವನ್ನು ಮಧ್ಯಯುಗದ ಉತ್ತರಾರ್ಧದಲ್ಲಿ ಆಳಿದವರು ಬೆರಳೆಣಿಕೆಯ ವರ್ತಕ ಮನೆತನಗಳವರು. ನಗರಸಭೆಯ ಪೀಠಗಳು ಬಹುಮಟ್ಟಿಗೆ ಅವರ ಕೈಯಲ್ಲಿಯೇ ಉಳಿದಿದ್ದುವು. ಪೆಟ್ರೀಷಿಯನ್ನರೆಂದು ಇತಿಹಾಸಕಾರರು ಕರೆಯುವ ಈ ಕುಲೀನರಲ್ಲಿ ಸ್ಟ್ರೋಮರ್ ಮನೆತನವೂ ಒಂದು. ಅದರ ವಂಶಾವಳಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ವಂಶಾವಳಿಯೆಂದರೆ ಹೆಸರುಗಳ ಒಣಪಟ್ಟಿಯೆಂದು ಶ್ರೋತೃಗಳು ಬೇಸರಿಸಬಾರದು.

1329ರಲ್ಲಿ ಹುಟ್ಟಿದ ಉಲ್ಮನ್ ಸ್ಟ್ರೋಮರ್ 1360ರಲ್ಲಿ ಒಂದು ಪುಟ್ಟ ಪುಸ್ತಕವನ್ನು ಬರೆಯತೊಡಗಿದನು. ತನ್ನ ಕುಲ, ತಾನು ಕಂಡ ಸಂಗತಿಗಳು, ಇವೆರಡೂ ಅದರ ವಸ್ತು. 1390ರಲ್ಲಿ ಪೆಗ್ನಿಟ್ಸ್ ನದಿಯ ದಡದಲ್ಲಿ ಜರ್ಮನ್ ನಾಡಿನ ಮೊದಲ ಕಾಗದದ ಗಿರಣಿಯನ್ನು ನಡೆಸಿದವನೂ ಇವನೇ. ಅಲ್ಲಿಯ ಇಟಲಿಯ ಕುಶಲಕರ್ಮಿಗಳು ಮಾತು ತಪ್ಪಿದಾಗ ಅವರನ್ನು ಗೋಪುರದಲ್ಲಿ ಕೂಡಿಹಾಕಿದ್ದನ್ನೂ ಸಂಕೋಚವಿಲ್ಲದೆ ಬರೆದಿದ್ದಾನೆ. ತನ್ನ ಮೂಲವನ್ನು ಅವನು ಒಯ್ಯುವುದು ರೈಖೆನ್‌ಬಾಖಿನ ಗೆರ್ಹಾರ್ಟ್ ಎಂಬ ಒಬ್ಬ ನೈಟ್‌ನವರೆಗೆ. ಅದಕ್ಕೂ ಹಿಂದಕ್ಕೆ ಕಲ್ಪನೆಯನ್ನು ಓಡಿಸುವುದಿಲ್ಲ.

ಮುಂದಿನವರಿಗೆ ಈ ಸಂಯಮ ಸಾಲದಾಯಿತು. ಹದಿನಾರನೆಯ ಶತಮಾನದಲ್ಲಿ ಗೆಯೋರ್ಗ್ ರೂಕ್ಸ್‌ನರ್ ಎಂಬವನು ಪಂದ್ಯಕಾಳಗಗಳ ಗ್ರಂಥವೊಂದನ್ನು ರಚಿಸಿದನು. 1530ರಲ್ಲಿ ಅದು ಅಚ್ಚಾಯಿತು. 1198ರಲ್ಲಿ ಆರನೆಯ ಹೆನ್ರಿ ಚಕ್ರವರ್ತಿ ನ್ಯೂರೆಂಬರ್ಗಿನಲ್ಲಿ ಪಂದ್ಯವನ್ನು ನಡೆಸಿ, ನಗರದ ಪ್ರಮುಖರನ್ನು ಕುಲೀನರನ್ನಾಗಿ ಮಾಡಿದನೆಂದು ಅವನ ಕಥೆ. ಪಾಪ, ಚಕ್ರವರ್ತಿ 1197ರ ಸೆಪ್ಟೆಂಬರಿನಲ್ಲಿಯೇ ಮೆಸ್ಸೀನಾದಲ್ಲಿ ತೀರಿಕೊಂಡಿದ್ದನು! ಆದರೂ ಕುಲಗೌರವಕ್ಕೆ ಹಾತೊರೆಯುತ್ತಿದ್ದ ಮನೆತನಗಳಿಗೆ ಆ ಕಥೆ ಬಹಳ ಕಾಲ ಪ್ರಮಾಣವಾಯಿತು.

ಹಾಗಾದರೆ ಉಲ್ಮನ್ನನನ್ನು ಪೂರ್ತಿಯಾಗಿ ನಂಬೋಣವೇ? ನನ್ನನ್ನು ತಡೆಯುವುದು ಅವನ ಒಂದು ವಾಕ್ಯ. 1349ರಲ್ಲಿ, ಸಂತ ನಿಕೊಲಾಸನ ಹಬ್ಬದ ಹಿಂದಿನ ದಿನ, ಯಹೂದ್ಯರು ಸುಡಲ್ಪಟ್ಟರು ಎಂದಷ್ಟೇ ಅವನು ಬರೆಯುತ್ತಾನೆ. ಕರ್ಮಣಿ ಪ್ರಯೋಗ. ವ್ಯಾಕರಣ ಪಾಠ ಹೇಳಿದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅಲ್ಲಿ ಕರ್ತೃವಿಲ್ಲ ಎಂಬುದು. ಅಂದು ಸತ್ತವರು 562 ಮಂದಿಯೆಂದು ಯಹೂದ್ಯರ ಸ್ಮರಣಗ್ರಂಥ ಹೇಳುತ್ತದೆ. ಅದಕ್ಕೆ ಮೂರು ವಾರಗಳ ಹಿಂದೆ, ಯಹೂದ್ಯರ ಮನೆಗಳನ್ನು ಕೆಡವಿ ಸಂತೆಯ ಬಯಲು ಮಾಡಲು ನಾಲ್ಕನೆಯ ಕಾರ್ಲ್ ದೊರೆ ಅನುಮತಿಪತ್ರ ಕೊಟ್ಟಿದ್ದನು. ಅದನ್ನು ನಗರಕ್ಕೆ ದೊರಕಿಸಿಕೊಟ್ಟವನು ಉಲ್ರಿಖ್ ಸ್ಟ್ರೋಮರ್, ಅದೇ ಕುಲದವನು. ಆಗ ಉಲ್ಮನ್ನನಿಗೆ ಇಪ್ಪತ್ತು ವರ್ಷ. ಮಗುವಾಗಿದ್ದೆ, ತಿಳಿಯಲಿಲ್ಲ ಎನ್ನುವ ವಯಸ್ಸಲ್ಲ.

ಈ ಪುಸ್ತಕವನ್ನು 1862ರಲ್ಲಿ ಸಂಪಾದಿಸಿ ಪ್ರಕಟಿಸಿದವನು ತತ್ತ್ವಜ್ಞಾನಿ ಹೆಗೆಲನ ಮಗ ಕಾರ್ಲ್ ಹೆಗೆಲ್. ವಂಶವೃಕ್ಷ ಬರೆಯುವವರು ಅದರಲ್ಲಿ ಮದುವೆ, ಮಕ್ಕಳು, ಬಾಂಧವ್ಯಗಳ ವಿವರವನ್ನು ಧಾರಾಳವಾಗಿ ಪಡೆಯಬಹುದು. ಉಲ್ರಿಖ್‌ನ ಹೆಸರಿನ ಮುಂದೆ ಏನನ್ನು ಬರೆಯಬೇಕೆಂಬುದಕ್ಕೆ ಮಾತ್ರ ಅವರು ದೊರೆಯ ಆ ಅನುಮತಿಪತ್ರವನ್ನೂ ಸತ್ತವರ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.